ತಿರುವಿನಲ್ಲಿ ಕ್ರೂಸರ್ ಬೈಕು

ಶುಕ್ರವಾರ ಜುಮಾ ಮುಗಿಸಿ ಹೊರಬಂದಾಗ ನನ್ನ ಅವೆಂಜರ್ 220 ಮತ್ತು ಪಕ್ಕದಲ್ಲಿ ನಿಂತಿದ್ದ ಮೀಟಿಯರ್ 350 ಬೈಕುಗಳ ಸುತ್ತ ನಮ್ಮ ವಿದ್ಯಾರ್ಥಿಗಳು ಸೇರಿದ್ದರು. "ಸರ್, ಎರಡರಲ್ಲಿ ಯಾವುದು ಚೆನ್ನಾಗಿ ಓಡುತ್ತೆ?" ಎಂದು ಒಬ್ಬ ಕೇಳಿದ. ನೇರ ರಸ್ತೆಯಲ್ಲಿ ಎರಡೂ ಚೆನ್ನಾಗಿಯೇ ಓಡುತ್ತವೆ. ತಿರುವಿನ ಮಾತು ಬೇರೆ. ನಾನು ಅದನ್ನು ಕಲಿತದ್ದು ಪುಸ್ತಕದಿಂದಲ್ಲ.

ಎರಡು ವರ್ಷದ ಹಿಂದೆ ಬೇಲೂರಿನಿಂದ ಗೆಂಡೆಹಳ್ಳಿಗೆ ಬರುವಾಗ ಒಂದು ಎಡ ತಿರುವಿನಲ್ಲಿ ಸ್ವಲ್ಪ ವೇಗವಾಗಿಯೇ ಬೈಕನ್ನು ಬಾಗಿಸಿದೆ. ಎಡಗಡೆಯ ಫುಟ್‌ರೆಸ್ಟ್ ಡಾಂಬರಿಗೆ ಉಜ್ಜಿ ಕರ್ರೆಂದಿತು. ಬೆದರಿ ಬೈಕನ್ನು ನೆಟ್ಟಗೆ ಮಾಡಿಬಿಟ್ಟೆ. ನೆಟ್ಟಗಾದ ಬೈಕು ತಿರುಗುವುದಿಲ್ಲ; ಅದು ಸೀದಾ ರಸ್ತೆಯ ಬಲಭಾಗಕ್ಕೆ ಹೋಯಿತು. ಎದುರಿಗೆ ಬಸ್ಸು. ಚಾಲಕರು ಬ್ರೇಕ್ ಒತ್ತಿದ್ದರಿಂದ ಉಳಿದೆ, ಅಲ್ಲಾಹನ ದಯೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಪ್ರಥಮ ಪಿಯುಸಿಯಲ್ಲಿ ವೃತ್ತೀಯ ಚಲನೆಯ ಪಾಠದಲ್ಲಿ ಬರುವ ಸೂತ್ರವೇ ಸಾಕು. ಬೈಕು ಬಾಗಬೇಕಾದ ಕೋನದ ಟ್ಯಾಂಜೆಂಟ್ ಎಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದ್ದು. ತ್ರಿಜ್ಯ 30 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗಕ್ಕೆ ಸುಮಾರು 23 ಡಿಗ್ರಿ ಬಾಗಿದರೆ ಸಾಕು. 50 ಕಿ.ಮೀ.ಗೆ 33 ಡಿಗ್ರಿ ಬೇಕು. ಹತ್ತೇ ಕಿಲೋಮೀಟರ್ ಹೆಚ್ಚಿಸಿದ್ದಕ್ಕೆ ಹತ್ತು ಡಿಗ್ರಿ! ಕ್ರೂಸರ್‌ಗಳ ಫುಟ್‌ರೆಸ್ಟ್ ತಗ್ಗಿನಲ್ಲಿ, ಮುಂದಕ್ಕೆ ಇರುವುದರಿಂದ ಅನೇಕ ಬೈಕುಗಳಲ್ಲಿ 30 ಡಿಗ್ರಿಯ ಆಸುಪಾಸಿನಲ್ಲೇ ಅದು ನೆಲ ಮುಟ್ಟುತ್ತದೆ. ಈ ಸೂತ್ರದಲ್ಲಿ ದ್ರವ್ಯರಾಶಿ ಎಲ್ಲೂ ಇಲ್ಲ ಎಂಬುದನ್ನೂ ಗಮನಿಸಿ. "ಭಾರದ ಗಾಡಿ ರಸ್ತೆ ಹಿಡಿದು ಕೂರುತ್ತೆ" ಎಂದು ನಮ್ಮ ಹುಡುಗರು ಹೇಳುವುದಕ್ಕೆ ಇಲ್ಲಿ ಆಧಾರವಿಲ್ಲ. ಅದೇ ಟ್ಯಾಂಜೆಂಟ್ ಬೆಲೆಯೇ ಟೈರಿಗೆ ಬೇಕಾದ ಘರ್ಷಣಾ ಗುಣಾಂಕವೂ ಹೌದು: 40ಕ್ಕೆ 0.42, 50ಕ್ಕೆ 0.66. ಮಳೆಗಾಲದಲ್ಲಿ, ತೋಟದ ಕೆಸರು ಹರಡಿದ ಡಾಂಬರಿನ ಮೇಲೆ ಎರಡನೆಯದು ಸಿಗುತ್ತದೆಂದು ನಂಬಬೇಡಿ.

ಇನ್ನು ಬೈಕುಗಳ ಹೋಲಿಕೆ. ಎರಡು ಚಕ್ರಗಳ ನಡುವಿನ ಅಂತರವನ್ನು ವೀಲ್‌ಬೇಸ್ ಎನ್ನುತ್ತಾರೆ. ಅವೆಂಜರ್ 220ರಲ್ಲಿ ಅದು 1490 ಮಿ.ಮೀ., ಮೀಟಿಯರ್‌ನಲ್ಲಿ 1400, ಹೊಸ ಕ್ಲಾಸಿಕ್ 350ರಲ್ಲಿ 1390. ಹ್ಯಾಂಡಲನ್ನು ಅಷ್ಟೇ ತಿರುಗಿಸಿದರೂ ಅವೆಂಜರ್‌ಗೆ ಮೀಟಿಯರ್‌ಗಿಂತ ಸುಮಾರು 6% ದೊಡ್ಡ ವೃತ್ತ ಬೇಕಾಗುತ್ತದೆ. ಸಂತೆಬೀದಿಯಲ್ಲಿ ಗಾಡಿ ತಿರುಗಿಸುವಾಗ ಇದು ತಿಳಿಯುತ್ತದೆ. ಆದರೆ ತೂಕ 163 ಕೆ.ಜಿ. ಮಾತ್ರ, ಮೀಟಿಯರ್ 191. ಹೀಗಾಗಿ ತಳ್ಳುವಾಗ ಅವೆಂಜರ್ ಹಗುರ. ಮೀಟಿಯರ್ ಮತ್ತು ಕ್ಲಾಸಿಕ್ ಎರಡಕ್ಕೂ ಒಂದೇ ಬಗೆಯ 349 ಸಿ.ಸಿ. ಎಂಜಿನ್. ಸೀಟು ಮಾತ್ರ ಒಂದರಲ್ಲಿ 765 ಮಿ.ಮೀ. ಎತ್ತರ, ಇನ್ನೊಂದರಲ್ಲಿ 805. ಕ್ಲಾಸಿಕ್‌ನಲ್ಲಿ ಕಾಲು ದೇಹದ ಕೆಳಗೇ ಇರುವುದರಿಂದ ಹೊಂಡ ಬಂದಾಗ ಎದ್ದು ನಿಲ್ಲಬಹುದು. ಕಾಲು ಮುಂದೆ ಚಾಚಿದ ಕ್ರೂಸರ್‌ನಲ್ಲಿ ಪೆಟ್ಟೆಲ್ಲ ಬೆನ್ನೆಲುಬಿಗೆ. ನಮ್ಮ ರಸ್ತೆಗೆ ನನ್ನನ್ನು ಕೇಳಿದರೆ ಕ್ಲಾಸಿಕ್ ವಾಸಿ, ನನ್ನ ಬೈಕನ್ನು ನಾನೇ ಬೈದುಕೊಂಡಂತಾದರೂ ಸರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳಲ್ಲೂ ಸವಾರ ನೆಟ್ಟಗೆ ಕೂರುತ್ತಿದ್ದ.

ಕ್ರೂಸರ್ ನೇರ ರಸ್ತೆಯಲ್ಲಿ ಅಲುಗದೆ ಹೋಗುವುದಕ್ಕೆ ಮುಂದಿನ ಫೋರ್ಕ್ ಹೆಚ್ಚು ಓರೆಯಾಗಿರುವುದೂ ಒಂದು ಕಾರಣ. ಹ್ಯಾಂಡಲಿನ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಬಿಂದುವಿಗಿಂತ ಮುಂದೆ ಬೀಳುತ್ತದೆ. ಈ ಅಂತರವೇ ಟ್ರೇಲ್. ಟ್ರೇಲ್ ಹೆಚ್ಚಿದ್ದಷ್ಟೂ ಚಕ್ರ ತಾನಾಗಿ ನೇರವಾಗಲು ನೋಡುತ್ತದೆ. ತಿರುಗಿಸಲು ಅಷ್ಟೇ ಬಲ ಬೇಕು. ಆಫೀಸಿನ ಉರುಳುವ ಕುರ್ಚಿಯ ಚಕ್ರ ಎಳೆದ ಕಡೆಗೆ ತಿರುಗಿಕೊಳ್ಳುವುದೂ ಇದರಿಂದಲೇ.

ಗೇರ್ ಇರುವ ಬೈಕಿನ ಲೈಸೆನ್ಸ್‌ಗೆ 18 ತುಂಬಬೇಕು. ನಿಮ್ಮಲ್ಲಿ ಬಹುಪಾಲು ಜನರಿಗೆ ಇನ್ನೂ ತುಂಬಿಲ್ಲ. ಈ ಪ್ರಯೋಗಕ್ಕೆ ಸೈಕಲ್ಲೇ ಸಾಕು: ಪಕ್ಕದಲ್ಲಿ ನಿಂತು ಸೀಟನ್ನಷ್ಟೇ ಹಿಡಿದು ಸೈಕಲನ್ನು ಎಡಕ್ಕೆ ವಾಲಿಸಿ, ಹ್ಯಾಂಡಲ್ ಮುಟ್ಟಬೇಡಿ. ಮುಂದಿನ ಚಕ್ರ ಯಾವ ಕಡೆಗೆ ತಿರುಗಿತು, ಯಾಕೆ ಎಂದು ಸೋಮವಾರ ಲ್ಯಾಬಿಗೆ ಬಂದು ಹೇಳಿ.