ನವಜಾತ ಶಿಶುವಿನ ಹೃದಯ ಮತ್ತು ರಕ್ತಪರೀಕ್ಷೆಯ ಅಂಕಿ: ಒಂದು ಬೋಧನಾನುಭವ

ತರಗತಿ: 10 ವಿಷಯ: ವಿಜ್ಞಾನ
ಘಟಕ: ಜೀವಕ್ರಿಯೆಗಳು
ಉಪಘಟಕ: ಹೃದಯ ಮತ್ತು ರಕ್ತ ಪರಿಚಲನೆ
ಅವಧಿ: 40 ನಿಮಿಷದ ಎರಡು ತರಗತಿಗಳು

ಹಿನ್ನೆಲೆ

ನನ್ನ ಊರು ಅಜ್ಜಂಪುರದ ಕಡೆ, ಬಿ.ಇಡಿ. ಓದುತ್ತಿರುವುದು ಕಡೂರಿನಲ್ಲಿ. ಬೋಧನಾಭ್ಯಾಸಕ್ಕೆ ತರೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತ್ತು. ಮೊದಲ ದಿನ ಹೃದಯದ ಪಾಠ ಮುಗಿಸುತ್ತಾ ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ: 'ರಕ್ತದಲ್ಲಿ ಟ್ರೋಪೋನಿನ್ ಹೆಚ್ಚಾದರೆ ಹೃದಯಾಘಾತ.' ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ನಮ್ಮಕ್ಕನ ಪಾಪು ಐಸಿಯುನಲ್ಲಿತ್ತು. ಶಾಕ್ ಆಗಿದೆ, ಅದು ಜಾಸ್ತಿ ಇದೆ ಅಂದರು. ಪಾಪುಗೂ ಹಾರ್ಟ್ ಅಟ್ಯಾಕಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಎರಡನೆಯ ತರಗತಿಯನ್ನು ಆ ಪ್ರಶ್ನೆಯ ಮೇಲೆಯೇ ಯೋಜಿಸಿದೆ.

ಚಟುವಟಿಕೆ 1: ನಾಡಿ ಮತ್ತು ಲೆಕ್ಕ

ವಿದ್ಯಾರ್ಥಿಗಳು ತಮ್ಮ ನಾಡಿ ಎಣಿಸಿದರು. ಹೆಚ್ಚಿನವರದು ನಿಮಿಷಕ್ಕೆ 70ರಿಂದ 90. ನವಜಾತ ಶಿಶುವಿನದು ಸಾಮಾನ್ಯವಾಗಿ 120ರಿಂದ 160 ಎಂದಾಗ ಆಶ್ಚರ್ಯಪಟ್ಟರು. ಶಿಶುವಿನಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿ.ಲೀ. ರಕ್ತವಿರುತ್ತದೆ. ಹಾಗಾದರೆ 3 ಕಿಲೋ ಮಗುವಿನಲ್ಲಿ ಎಷ್ಟು? 240 ಮಿ.ಲೀ. ಒಂದು ಲೋಟದಷ್ಟು! ಸ್ವಲ್ಪ ರಕ್ತಸ್ರಾವವೂ ಏಕೆ ಅಪಾಯ ಎಂಬುದನ್ನು ಅವರೇ ಹೇಳಿದರು.

ಚಟುವಟಿಕೆ 2: ಉಗುರು ಒತ್ತಿ ನೋಡು

ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿ ಮತ್ತೆ ಕೆಂಪಾಗುತ್ತದೆ. ಶಿಶುವಿನಲ್ಲಿ ವೈದ್ಯರು ಎದೆಯ ಮೂಳೆಯ ಮೇಲಿನ ಚರ್ಮವನ್ನು ಒತ್ತಿ ನೋಡುತ್ತಾರೆ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅದು ಎಚ್ಚರಿಕೆಯ ಲಕ್ಷಣ. 'ಶಾಕ್' ಎಂದರೆ ಕರೆಂಟ್ ಹೊಡೆಯುವುದು ಎಂದೇ ಹಲವರು ತಿಳಿದಿದ್ದರು. ಇಲ್ಲಿ ಅದರ ಅರ್ಥ, ಅಂಗಾಂಶಗಳಿಗೆ ಬೇಕಾದಷ್ಟು ರಕ್ತ, ಆಮ್ಲಜನಕ ತಲುಪದ ಸ್ಥಿತಿ. ಸೋಂಕು, ಹೆರಿಗೆಯ ವೇಳೆ ಉಸಿರುಗಟ್ಟುವಿಕೆ, ರಕ್ತಸ್ರಾವ, ಹುಟ್ಟಿನಿಂದ ಬಂದ ಹೃದಯದೋಷ ಇದಕ್ಕೆ ಕಾರಣವಾಗಬಹುದು.

ವಿವರಣೆ

ಟ್ರೋಪೋನಿನ್ ಹೃದಯ ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಪ್ರೋಟೀನು. ಜೀವಕೋಶಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಆಮ್ಲಜನಕ ಸಾಲದೆ ನೊಂದ ಶಿಶುವಿನ ಹೃದಯದಿಂದಲೂ ಸೋರಬಹುದು. ಅದು ದೊಡ್ಡವರಂತೆ ರಕ್ತನಾಳ ಕಟ್ಟಿಕೊಂಡ ಹೃದಯಾಘಾತವೇ ಆಗಬೇಕಿಲ್ಲ. ಬಿಎನ್‌ಪಿ ಎಂಬ ಹಾರ್ಮೋನು ಹೃದಯದ ಗೋಡೆ ಹಿಗ್ಗಿದಾಗ ಬಿಡುಗಡೆಯಾಗುತ್ತದೆ. ಹುಟ್ಟಿದೊಡನೆ ಪರಿಚಲನೆಯ ದಾರಿಯೇ ಬದಲಾಗುವುದರಿಂದ ಆರೋಗ್ಯವಂತ ಶಿಶುವಿನಲ್ಲೂ ಮೊದಲ ದಿನಗಳಲ್ಲಿ ಇದು ಹೆಚ್ಚಿದ್ದು, ಕ್ರಮೇಣ ಇಳಿಯುತ್ತದೆ. ಆದ್ದರಿಂದ ದೊಡ್ಡವರ ಮಿತಿಯಿಂದ ಶಿಶುವನ್ನು ಅಳೆಯುವಂತಿಲ್ಲ. ವೈದ್ಯರು ಈ ಅಂಕಿಯನ್ನು ಮಗುವಿನ ವಯಸ್ಸು, ರಕ್ತದೊತ್ತಡ, ಮೂತ್ರದ ಪ್ರಮಾಣ, ಹೃದಯದ ಸ್ಕ್ಯಾನ್ ಜೊತೆಗಿಟ್ಟು ನೋಡುತ್ತಾರೆ. ವರದಿ ಬರಲೆಂದು ಚಿಕಿತ್ಸೆ ಕಾಯುವುದಿಲ್ಲ.

ಮೌಲ್ಯಮಾಪನ

1. ಒಂದೇ ಅಂಕಿ ಇಬ್ಬರಲ್ಲಿ ಬೇರೆ ಅರ್ಥ ಕೊಡುವುದು ಹೇಗೆ?
2. ಹಾಲು ಕುಡಿಯದ, ಮೈ ತಣ್ಣಗಾದ, ಸೊರಗಿದ ಶಿಶುವನ್ನು ಕಂಡರೆ ಏನು ಮಾಡುವಿರಿ?

ಎರಡನೆಯದಕ್ಕೆ ಹೆಚ್ಚಿನವರು 'ಆಶಾ ಅಕ್ಕನಿಗೆ ಹೇಳಿ, 108ಕ್ಕೆ ಫೋನ್ ಮಾಡುತ್ತೇವೆ' ಎಂದು ಬರೆದರು. ದೊಡ್ಡಾಸ್ಪತ್ರೆಗೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗಬೇಕಾದ ನಮ್ಮ ಹಳ್ಳಿಗಳಲ್ಲಿ ಬೇಗ ಗುರುತಿಸುವುದೇ ಮುಖ್ಯ.

ಆತ್ಮಾವಲೋಕನ

ಆ ಹುಡುಗಿಗೆ ಪಾಪುವಿನ ವರದಿಯ ಅರ್ಥ ನಾನು ಹೇಳಲಿಲ್ಲ. ಅದನ್ನು ನೋಡಿದ ವೈದ್ಯರನ್ನೇ ಕೇಳಬೇಕು ಎಂದೆ. ಆದರೆ ನನ್ನ ಹಿಂದಿನ ದಿನದ ವಾಕ್ಯ ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡು, ಹಲಗೆಯ ಮೇಲೆ ತಿದ್ದಿದೆ: 'ಟ್ರೋಪೋನಿನ್ ಹೆಚ್ಚಾದರೆ ಹೃದಯ ಸ್ನಾಯುವಿಗೆ ಪೆಟ್ಟಾಗಿರಬಹುದು. ಕಾರಣವನ್ನು ಹುಡುಕಬೇಕು.' ಪರೀಕ್ಷೆಗೆ ಸುಲಭವಾಗಲೆಂದು ನಾವು ಬರೆಯುವ ಒಂದು ಸಾಲು ಯಾರದೋ ಮನೆಗೆ ಭಯವಾಗಿ ಹೋಗಬಹುದು. ಮುಂದಿನ ಪಾಠಯೋಜನೆಗಳಲ್ಲಿ 'ಯಾರಲ್ಲಿ, ಯಾವಾಗ' ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಅಂಕಿಯ ಪಕ್ಕ ಬರೆದುಕೊಳ್ಳಲು ನಿರ್ಧರಿಸಿದ್ದೇನೆ.