ಅಧಿಕಾರ ಮತ್ತು ಅಳುಕು: ನಟ ಗಿರೀಶ ಕಾರ್ನಾಡರ ಪಾತ್ರಲೋಕ

ಗಿರೀಶ ಕಾರ್ನಾಡರನ್ನು (1938–2019) ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಅವರ ನಾಟಕಗಳ ಸುತ್ತಲೇ ಬೆಳೆದಿವೆ. ಪುರಾಣ, ಇತಿಹಾಸ, ಜಾನಪದಗಳ ಮರುಸೃಷ್ಟಿಯನ್ನು ಕುರಿತು ಸಾಕಷ್ಟು ವಿಸ್ತಾರವಾದ ಚರ್ಚೆ ನಡೆದಿದೆ. ನಿರ್ದೇಶಕ ಕಾರ್ನಾಡರಿಗೂ ಒಂದಿಷ್ಟು ಸ್ಥಳ ದೊರೆತಿದೆ. ನಟ ಕಾರ್ನಾಡರು ಮಾತ್ರ ಪರಿಚಯ ಲೇಖನಗಳ ಕಡೆಯ ಪರಿಚ್ಛೇದದಲ್ಲಿ ಚಲನಚಿತ್ರಗಳ ಒಂದು ಪಟ್ಟಿಯಾಗಿ ಬಂದು ಹೋಗುತ್ತಾರೆ. ಸಿನಿಮಾ ಜೀವನೋಪಾಯ, ನಾಟಕವೇ ತಮ್ಮ ನಿಜವಾದ ಕ್ಷೇತ್ರ ಎಂಬರ್ಥದ ಮಾತು ಅವರಿಂದಲೇ ಬಂದದ್ದು ಈ ಅಲಕ್ಷ್ಯಕ್ಕೆ ಒಂದು ಸಮರ್ಥನೆಯಂತೆ ಒದಗಿದೆ. ಆದರೆ ಲೇಖಕನು ತನ್ನ ಕೆಲಸವನ್ನು ಕುರಿತು ಕೊಡುವ ತೀರ್ಪನ್ನು ವಿಮರ್ಶೆಯು ಯಥಾವತ್ತಾಗಿ ಒಪ್ಪಬೇಕಾದ ನಿರ್ಬಂಧವೇನೂ ಇಲ್ಲ. ಸುಮಾರು ಐದು ದಶಕಗಳ ಕಾಲ, ಹಲವು ಭಾಷೆಗಳಲ್ಲಿ ಹರಡಿಕೊಂಡ ಈ ನಟನೆಯನ್ನು ನಾಟಕಗಳ ಪಕ್ಕದಲ್ಲಿಟ್ಟು ಓದಿದಾಗ ಕಾಣುವ ಸಂಬಂಧವು ಆಕಸ್ಮಿಕವೆನಿಸುವುದಿಲ್ಲ.

ಆಕ್ಸ್‌ಫರ್ಡಿನಿಂದ ಮರಳಿದ ಕಾರ್ನಾಡರು 1963ರಿಂದ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಉದ್ಯೋಗದಲ್ಲಿದ್ದರು; ಬಿಡುವಿನಲ್ಲಿ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡದೊಡನೆ ರಂಗಚಟುವಟಿಕೆ ನಡೆಸಿದ್ದರು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿಸಿದ್ದು ಈ ಬಳಗದ ಒಡನಾಟದಿಂದಲೇ. 1970ರ ಈ ಚಿತ್ರವು ಆರಂಭದಲ್ಲಿ ಸೆನ್ಸಾರ್ ಮಂಡಳಿಯ ನಿರಾಕರಣೆಯನ್ನು ಎದುರಿಸಿ, ಅನಂತರ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆದ ಮೊದಲ ಕನ್ನಡ ಚಿತ್ರವಾಯಿತೆಂಬುದು ಸುಪರಿಚಿತ ಸಂಗತಿ. ಪ್ರಸ್ತುತ ಚರ್ಚೆಗೆ ಮುಖ್ಯವಾದುದು ಬೇರೆ: ಚಿತ್ರಕಥೆಯನ್ನು ಬರೆದವರೂ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರೂ ಒಬ್ಬರೇ ಆಗಿದ್ದರು.

ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರ ಬಿಕ್ಕಟ್ಟು ಬಹುಪಾಲು ಅಂತರಂಗದ ಮಾತಿನಲ್ಲಿ ನಡೆಯುತ್ತದೆ. ಕ್ಯಾಮರಾಕ್ಕೆ ಆ ಅನುಕೂಲ ಅಷ್ಟಾಗಿ ಇಲ್ಲ. ಚಿತ್ರಕಥೆಗಾರನು ಕೈಬಿಟ್ಟ ಆ ಮಾತಿನ ಭಾರವನ್ನು ನಟನು ಮೈಯಲ್ಲಿ ಹೊರಬೇಕಾಯಿತು. ಮೊದಲ ಭಾಗದ ಆಚಾರ್ಯರು ನೆಟ್ಟಗೆ ಕೂರುತ್ತಾರೆ, ಅಳೆದು ಮಾತಾಡುತ್ತಾರೆ; ಅಗ್ರಹಾರವು ತೀರ್ಪಿಗಾಗಿ ನೋಡುವ ಮುಖ ಅದು. ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಾಗಲೀ ಮಾರುತಿಯ ಗುಡಿಯಲ್ಲಾಗಲೀ ಉತ್ತರ ಸಿಗದೆ, ಚಂದ್ರಿಯ ಸಂಗದ ಅನಂತರ ಊರೂರು ಅಲೆಯುವ ಆಚಾರ್ಯರಲ್ಲಿ ಅದೇ ಮುಖ ಉಳಿಯುತ್ತದೆ, ಅದರ ಆಧಾರ ಮಾತ್ರ ಕಳಚಿಹೋಗಿರುತ್ತದೆ. ಪುಟ್ಟನೊಡನೆ ಜಾತ್ರೆಯಲ್ಲಿ ಸುತ್ತುವಾಗ ಯಾರಾದರೂ ಗುರುತಿಸಿಯಾರೆಂಬ ಭಯವು ಕಣ್ಣಿನಲ್ಲಿ, ಹೆಜ್ಜೆಯ ಅನಿಶ್ಚಯದಲ್ಲಿ ಕಾಣುತ್ತದೆ. ಕಾರ್ನಾಡರು ವೇಷ ಬದಲಿಸಿ ಗುರುತು ಮರೆಸುವ ಜಾತಿಯ ನಟರಲ್ಲ. ಧ್ವನಿ, ನಿಲುವು, ನೋಟ ಎಲ್ಲ ಕಡೆಯಲ್ಲೂ ಅವರದೇ. ಅವರ ವೈವಿಧ್ಯವಿರುವುದು ಗೌರವಾನ್ವಿತನೊಬ್ಬನ ಆ ಒಂದೇ ಚಹರೆಯ ಕೆಳಗೆ ಬೇರೆ ಬೇರೆ ಬಗೆಯ ಬಿರುಕುಗಳನ್ನು ತೋರುವುದರಲ್ಲಿ.

ಕನ್ನಡದಲ್ಲಿ ರೂಪುಗೊಂಡ ಈ ಚಹರೆಯನ್ನು ಹೊಸ ಅಲೆಯ ಹಿಂದಿ, ಮರಾಠಿ ನಿರ್ದೇಶಕರು ಬೇಗನೆ ಗುರುತಿಸಿದರು. ಶ್ಯಾಮ್ ಬೆನೆಗಲ್‌ರ ‘ನಿಶಾಂತ್’ (1975) ಚಿತ್ರದ ಶಾಲಾಮಾಸ್ತರನ ಹೆಂಡತಿಯನ್ನು ಜಮೀನ್ದಾರನ ಕಡೆಯವರು ಎತ್ತಿಕೊಂಡು ಹೋಗುತ್ತಾರೆ. ಓದುಬರಹ ಬಲ್ಲ ಆತ ಕಚೇರಿಗಳ ಬಾಗಿಲು ಬಡಿದು ಬರಿಗೈಯಲ್ಲಿ ಮರಳುತ್ತಾನೆ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ನೀಡಿ ನಿರ್ಮಿಸಿದ ‘ಮಂಥನ್’ (1976) ಚಿತ್ರದ ಡಾ. ರಾವ್ ಹಾಲಿನ ಸಹಕಾರ ಸಂಘವನ್ನು ಕಟ್ಟಲು ಬಂದ ಸಜ್ಜನ. ಹಳ್ಳಿಯ ಜಾತಿಲೆಕ್ಕದ ಮುಂದೆ ಅವನ ಸಜ್ಜನಿಕೆ ಸಾಲದೆ ಹೋಗುತ್ತದೆ, ಅವನು ಊರು ಬಿಡುತ್ತಾನೆ. ಜಬ್ಬಾರ್ ಪಟೇಲರ ‘ಉಂಬರಠಾ’ (1982) ಮರಾಠಿ ಚಿತ್ರದ ವಕೀಲ ಪತಿಯು ಉದಾರಿಯೆಂದು ತನ್ನನ್ನೇ ನಂಬಿಕೊಂಡವನು. ಹೆಂಡತಿ ದುಡಿಮೆಗಾಗಿ ದೂರ ಹೋದಾಗ ಅವನ ಔದಾರ್ಯದ ಅಳತೆ ಗೊತ್ತಾಗುತ್ತದೆ. ಮೂವರೂ ವಿದ್ಯಾವಂತ ಮಧ್ಯಮವರ್ಗದವರು, ಮೂವರೂ ತಮ್ಮ ವಿದ್ಯೆ ನಿಷ್ಫಲವಾಗುವ ಎಡೆಯಲ್ಲಿ ನಿಂತವರು. ಇವರನ್ನು ಖಳರನ್ನಾಗಿಯೂ ಹುತಾತ್ಮರನ್ನಾಗಿಯೂ ಮಾಡದೆ ಉಳಿಸಿಕೊಂಡದ್ದು ನಟನ ಸಂಯಮ.

ದೂರದರ್ಶನವು ಈ ಚಹರೆಯನ್ನು ಮನೆಯೊಳಕ್ಕೆ ತಂದಿತು. ಶಂಕರನಾಗ್ ನಿರ್ದೇಶನದಲ್ಲಿ ಆಗುಂಬೆಯಲ್ಲಿ ಚಿತ್ರಿತವಾಗಿ, 80ರ ದಶಕದ ಉತ್ತರಾರ್ಧದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿ ಕಾರ್ನಾಡರು ಸ್ವಾಮಿಯ ತಂದೆ. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಎಲ್ಲರೂ ನೆನೆಯುತ್ತಾರೆ. ಆ ಸ್ವಾಮಿ ಹೆದರುವುದಕ್ಕೆ ಒಬ್ಬ ನಂಬಲರ್ಹ ತಂದೆ ಬೇಕಿತ್ತು ಎಂಬುದನ್ನು ನೆನೆಯುವವರು ಕಡಿಮೆ. ಗದರುವ, ಲೆಕ್ಕ ಕೇಳುವ ಈ ತಂದೆಯು ಮಗ ಮನೆ ಬಿಟ್ಟು ಹೋದಾಗ ತತ್ತರಿಸುತ್ತಾನೆ. ಶಿಸ್ತಿನ ಹಿಂದಿದ್ದ ಅಕ್ಕರೆಯು ಅಳುಕಿನ ರೂಪದಲ್ಲಿ ಹೊರಬೀಳುತ್ತದೆ.

ಇಲ್ಲಿ ನಾಟಕಕಾರನ ನೆನಪು ಬಾರದಿರದು. ‘ಯಯಾತಿ’ (1961) ಮಗನ ಯೌವನವನ್ನು ಬೇಡುವ ತಂದೆಯ ಕಥೆ. ವಿದೇಶಕ್ಕೆ ಹೊರಡುವ ಮುನ್ನಿನ ದಿನಗಳಲ್ಲಿ, ಹಿರಿಯರ ನಿರೀಕ್ಷೆಗಳ ಒತ್ತಡದ ನಡುವೆ ಅದು ಹುಟ್ಟಿದ ಬಗೆಯನ್ನು ಕಾರ್ನಾಡರೇ ವಿವರಿಸಿದ್ದಾರೆ. ‘ತುಘಲಕ್’ (1964) ನಾಟಕದ ಸುಲ್ತಾನನ ಬೆನ್ನಿಗೆ ಪಿತೃಹತ್ಯೆಯ ಆರೋಪ ಅಂಟಿಕೊಂಡಿದೆ. ಬರೆಯುವಾಗ ಮಗನ ಸ್ಥಾನದಿಂದ ತಂದೆಯನ್ನು ಪ್ರಶ್ನಿಸಿದವರು, ತೆರೆಯ ಮೇಲೆ ಮತ್ತೆ ಮತ್ತೆ ತಂದೆಯ, ಗುರುವಿನ, ಯಜಮಾನನ ಸ್ಥಾನದಲ್ಲಿ ನಿಂತರು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದ ಗೋವಿಂದಭಟ್ಟರು ಈ ಸಾಲಿನಲ್ಲಿ ಅಪರೂಪದವರು. ಮುಸ್ಲಿಂ ಶಿಷ್ಯನನ್ನು ಅಪ್ಪಿಕೊಳ್ಳುವ ಈ ಬ್ರಾಹ್ಮಣ ಗುರುವಿಗೆ ಪ್ರಾಣೇಶಾಚಾರ್ಯರನ್ನು ಕಾಡಿದ ಯಾವ ಪ್ರಶ್ನೆಯೂ ಕಾಡುವುದಿಲ್ಲ. ಇಪ್ಪತ್ತು ವರ್ಷಗಳ ಅಂತರದ ಈ ಎರಡು ಪಾತ್ರಗಳನ್ನು ಒಟ್ಟಿಗೆ ನೋಡುವುದು ತರಗತಿಯ ಪಾಠಕ್ಕೂ ಉಪಯುಕ್ತ.

ವಾಣಿಜ್ಯ ಚಿತ್ರಗಳಲ್ಲಿ ಈ ಸಮತೋಲ ಉಳಿಯಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ತಮಿಳಿನ ‘ಕಾದಲನ್’ (1994) ಚಿತ್ರದ ರಾಜ್ಯಪಾಲ ನೇರ ಖಳ. ‘ಏಕ್ ಥಾ ಟೈಗರ್’ (2012) ಚಿತ್ರದ ಬೇಹುಗಾರಿಕೆ ಮುಖ್ಯಸ್ಥ ಕೇವಲ ಅಲಂಕಾರ. ಅಧಿಕಾರದ ಮುಖವಿದೆ, ಅಳುಕಿಗೆ ಎಡೆಯಿಲ್ಲ. ಹಾಗಾಗಿ ನಟನಿಗೆ ಮಾಡಲು ಹೆಚ್ಚೇನೂ ಇಲ್ಲ. ಆದರೆ ನಾಗೇಶ್ ಕುಕುನೂರರ ‘ದೋರ್’ (2006) ಚಿತ್ರದಲ್ಲಿ ಸಾಲದ ಬದಲಿಗೆ ವಿಧವೆ ಸೊಸೆಯನ್ನು ಒಪ್ಪಿಸಲು ಸಿದ್ಧನಾಗುವ ಮಾವನ ಪಾತ್ರ ಈ ಮಾತಿಗೆ ಹೊರತು. ಮನೆತನದ ಮರ್ಯಾದೆಯನ್ನು ಕಾಯುವವನೇ ಅದನ್ನು ಮಾರುವ ವ್ಯವಹಾರ ಅಲ್ಲಿ ತಣ್ಣಗೆ ನಡೆಯುತ್ತದೆ.

ಕಿರುತೆರೆಯ ಅನುಭವದ ಇನ್ನೊಂದು ಮುಖವೂ ಉಂಟು. 90ರ ದಶಕದ ಆರಂಭದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿ ಕಾರ್ನಾಡರು ಪಾತ್ರವಿಲ್ಲದೆ, ತಾವಾಗಿಯೇ ಕ್ಯಾಮರಾದತ್ತ ನೋಡಿ ದೇಶದ ವೀಕ್ಷಕರೊಡನೆ ಮಾತಾಡಿದರು. ‘ಒಡಕಲು ಬಿಂಬ’ (2005) ನಾಟಕದ ಲೇಖಕಿ ಮಂಜುಳಾ ಟಿ.ವಿ. ಸ್ಟುಡಿಯೋದಲ್ಲಿ ಹೀಗೆಯೇ ವೀಕ್ಷಕರತ್ತ ಮಾತಾಡಿ ಮುಗಿಸುತ್ತಾಳೆ; ಆಮೇಲೆ ತೆರೆಯ ಮೇಲಿನ ಅವಳ ಬಿಂಬವೇ ಅವಳನ್ನು ವಿಚಾರಣೆಗೆ ಹಿಡಿಯುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸುವುದು ಅತಿಯಾದೀತು. ಆದರೂ ತೆರೆಯ ಮೇಲಿನ ಗೌರವಾನ್ವಿತ ಮುಖವನ್ನು ಇಷ್ಟು ಸಂಶಯದಿಂದ ನೋಡಿದ ನಾಟಕವನ್ನು ಬರೆದವರು ಆ ಮುಖವನ್ನು ಹಲವು ವರ್ಷ ಧರಿಸಿದ್ದವರು ಎಂಬ ಸಂಗತಿ ಓದಿಗೆ ಒದಗಬೇಕು.

ಇಷ್ಟಕ್ಕೂ ನಟನ ಪಾತ್ರಗಳನ್ನು ಆಯುವವರು ನಿರ್ದೇಶಕರಲ್ಲವೇ, ಅವುಗಳಲ್ಲಿ ನಾಟಕಕಾರನ ಆಶಯವನ್ನು ಹುಡುಕುವುದು ಎಷ್ಟು ಸರಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಯ್ಕೆಯು ಪೂರ್ತಿಯಾಗಿ ಅವರ ಕೈಯಲ್ಲೇ ಇದ್ದ ಒಂದು ಪ್ರಸಂಗವನ್ನು ಇಲ್ಲಿ ಗಮನಿಸಬಹುದು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು 1999ರಲ್ಲಿ ಚಿತ್ರವಾಗಿ ನಿರ್ದೇಶಿಸಿದಾಗ ಕಾರ್ನಾಡರು ತಮಗಾಗಿ ಇರಿಸಿಕೊಂಡದ್ದು ಚಂದ್ರಯ್ಯಗೌಡರ ಪಾತ್ರವನ್ನು: ತನ್ನ ಯಜಮಾನಿಕೆ ಕಣ್ಣೆದುರೇ ಕುಸಿಯುತ್ತಿದ್ದರೂ ಕೈಯ ಹಿಡಿತವನ್ನು ಸಡಿಲಿಸಲೊಲ್ಲದ ಮನೆಯ ಹಿರಿಯನನ್ನು.