ಒಳಚರಂಡಿ ಕೆಸರಿನ ಕಾಂಪೋಸ್ಟ್: ವರ್ತಕರು ಅರಿಯಬೇಕಾದುದು

ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬು, ಭತ್ತದ ಗದ್ದೆಗಳಿಗೂ ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿ ಹೊಲಗಳಿಗೂ ಸಾವಯವ ಗೊಬ್ಬರ ಅಗತ್ಯ. ಒಳಚರಂಡಿ ಕೆಸರಿನ ಕಾಂಪೋಸ್ಟ್ ಈ ಬೇಡಿಕೆಯನ್ನು ಭಾಗಶಃ ಪೂರೈಸಬಲ್ಲದು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲಕೆಸರು ಸಂಸ್ಕರಣಾ ಘಟಕದ ಒಣಕೆಸರನ್ನು ಪಟ್ಟಣದ ಹಸಿ ಕಸದೊಡನೆ ಕೊಳೆಸಿ ಗೊಬ್ಬರ ಮಾಡಲಾಗಿದೆ.

ರಾಶಿಯ ಉಷ್ಣತೆಯನ್ನು 15 ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಿಸಿ, ಐದು ಬಾರಿ ಮಗುಚಿದರೆ ರೋಗಾಣುಗಳು ನಾಶವಾಗುತ್ತವೆ. ಆದರೆ ಭಾರಲೋಹಗಳು ನಾಶವಾಗುವುದಿಲ್ಲ. ರಾಶಿ ಕೊಳೆತು ಕುಗ್ಗಿದಂತೆ ಅವುಗಳ ಸಾಂದ್ರತೆ ಏರುತ್ತದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದನ್ವಯ ಒಂದು ಕಿಲೋಗ್ರಾಂ ನಗರ ಕಾಂಪೋಸ್ಟ್‌ನಲ್ಲಿ ಕ್ಯಾಡ್ಮಿಯಂ 5, ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ.

ಆದುದರಿಂದ ಕಾರ್ಖಾನೆಗಳ ತ್ಯಾಜ್ಯ ಬೆರೆತ ಕೆಸರನ್ನು ದೂರವಿರಿಸುವುದೂ ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನು ಪಡೆಯುವುದೂ ತಯಾರಕರ, ವರ್ತಕರ ಮೊದಲ ಕರ್ತವ್ಯ. ಕೆಟ್ಟ ಸರಕನ್ನು ಹಿಂದಕ್ಕೆ ಕಳುಹಿಸಬಹುದು. ಮಣ್ಣಿಗೆ ಸೇರಿದ ಲೋಹವನ್ನು ಹೊರತೆಗೆಯುವುದು ರೈತನಿಗೆ ಅಸಾಧ್ಯಪ್ರಾಯ.